ಎರಡು ಬಡಿತ, ಆಮೇಲೆ ಒಂದು

ಫೆಬ್ರವರಿ 2

ಇವತ್ತಿನಿಂದ ಕೌಂಟರ್ ಇಲ್ಲ, ಬೀದಿ. ಈ ವರ್ಷ ಮನೆ ಕಂದಾಯ ಅರ್ಧಕ್ಕರ್ಧ ಬಂದಿಲ್ಲವಂತೆ. ಅದಕ್ಕೇ ಪುರಸಭೆಯಲ್ಲಿ ಕೂತು ಕೆಲಸ ಮಾಡುವವರನ್ನೆಲ್ಲ ಎಬ್ಬಿಸಿ ವಸೂಲಿಗೆ ಅಟ್ಟಿದ್ದಾರೆ. ಬರುವುದಿಲ್ಲ ಅನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಅಪ್ಪ ಕೆಲಸದಲ್ಲಿದ್ದಾಗಲೇ ತೀರಿಕೊಂಡದ್ದಕ್ಕೆ ಅನುಕಂಪದ ಮೇಲೆ ಸಿಕ್ಕಿದ ನೌಕರಿ ಇದು, ಪ್ರೊಬೇಷನ್ ಅವಧಿ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಒಪ್ಪಿಸಿದ ಬೀದಿಯ ಬಾಕಿ ತೀರಿದರೆ ಕಾಯಂ, ಇಲ್ಲದಿದ್ದರೆ ಮನೆ. ಸಾಹೇಬರು ಇದನ್ನು ನಗುನಗುತ್ತಲೇ ಹೇಳಿದರು. ಮನೆಯಲ್ಲಿ ಅಮ್ಮ, ಓದುತ್ತಿರುವ ತಂಗಿ. ದುಡಿಯುವವಳು ನಾನೊಬ್ಬಳೇ.

ಅಂಗೈಯಲ್ಲಿ ಬಾಗಿಲು ತಟ್ಟಿದೆ, ಅಪ್ಪ ಮನೆಗೆ ಬಂದಾಗ ತಟ್ಟುತ್ತಿದ್ದ ಹಾಗೆ. ಎಲ್ಲರೂ ತೆಗೆದರು. ನೆಂಟರು ಬಂದರೆಂದು ನಗುತ್ತಲೇ ತೆಗೆದರು. ರಸೀದಿ ಪುಸ್ತಕ ಕಂಡ ಕೂಡಲೇ ಆ ನಗು ಎಲ್ಲಿ ಹೋಯಿತೋ. ಒಬ್ಬಾಕೆ ತನ್ನ ತಮ್ಮ ಬಂದನೆಂದುಕೊಂಡಿದ್ದಳಂತೆ. ಆ ತಮ್ಮನನ್ನು ನಾನೇ ಬಚ್ಚಿಟ್ಟಿದ್ದೇನೋ ಅನ್ನುವಂತೆ ನೋಡಿದಳು. ಇನ್ನೊಂದು ಮನೆಯಲ್ಲಿ ಕೂರಿಸಿ ಟೀ ಕೊಟ್ಟರು. ಕುಡಿದೆ, ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳಿದೆ, ಎದ್ದು ಬಂದೆ. ತೆರಿಗೆಯ ಮಾತು ಬಾಯಿಗೇ ಬರಲಿಲ್ಲ.

ಈ ಡೈರಿ ಮನೆಯಲ್ಲಿಟ್ಟರೆ ತಂಗಿ ಓದಿ ಅಣಕಿಸುತ್ತಾಳೆ. ಬ್ಯಾಗಿನಲ್ಲೇ ಇರಲಿ.

ಫೆಬ್ರವರಿ 5

ವಸೂಲಿಯ ಹಿರಿಯರೊಬ್ಬರ ಜೊತೆ ಕೆಲಸ ಕಲಿಯಲು ಕಳಿಸಿದ್ದಾರೆ. ಕಚೇರಿಯಲ್ಲಿ ಅವರಿಗೆ ಮೆಲ್ಲಗಯ್ಯ ಎಂದೇ ಹೆಸರು. ಸರ್ವೀಸು ಪೂರ್ತಿ ಒಂದು ಸಲವೂ ದನಿ ಎತ್ತಿಲ್ಲವಂತೆ. ಜಗಳವಾಡುವವರನ್ನು ಕಂಡರೆ ನನಗೆ ಇಷ್ಟು ಹೆದರಿಕೆಯಾಗುವುದಿಲ್ಲ.

ನಾನು ಬಾಗಿಲು ತಟ್ಟುವುದನ್ನು ನೋಡಿ ಅವರು ತುಟಿಯಲ್ಲೇ ನಕ್ಕರು. ಜೇಬಿನಿಂದ ಹಿತ್ತಾಳೆ ಮುಚ್ಚಳದ ಪೆನ್ನು ತೆಗೆದು ಚಿಲಕದ ಮೇಲೆ ಬಡಿದು ತೋರಿಸಿದರು. ಎರಡು ಬಡಿತ, ಬಿಡುವು, ಆಮೇಲೆ ಒಂದು. ಆ ಬಿಡುವಿನಲ್ಲೇ ಎಲ್ಲ ಇದೆಯಂತೆ. "ಅಂಗೈಯಲ್ಲಿ ತಟ್ಟೋದು ನಮ್ಮವರು ಕಣಮ್ಮ. ನೀನು ಅವರ ಮನೆಯವಳಲ್ಲ ಅಂತ ಬಾಗಿಲು ತೆಗೆಯೋಕೆ ಮೊದಲೇ ಅವರಿಗೆ ಗೊತ್ತಾಗಬೇಕು" ಅಂದರು.

ಒಳಗಿನವರು ಸದ್ದಡಗಿಸಿಕೊಂಡರೆ ಏನು ಮಾಡಬೇಕೆಂಬುದನ್ನೂ ಹೇಳಿಕೊಟ್ಟರು. ಮೊದಲು ಹೊರಗಿನ ಚಪ್ಪಲಿ ನೋಡು. ಆಮೇಲೆ ಕರೆಂಟ್ ಮೀಟರ್ ತಿರುಗುತ್ತಿದೆಯಾ ನೋಡು. ಒಲೆಯ ಮೇಲೆ ಏನೋ ಬೇಯುತ್ತಿದ್ದರೆ ಮೂಗಿಗೇ ತಿಳಿಯುತ್ತದೆ. ಆಮೇಲೆ ಸುಮ್ಮನೆ ನಿಲ್ಲು. ಒಳಗೆ ಉಸಿರು ಬಿಗಿ ಹಿಡಿದವರಿಗೆ ಹೊರಗೆ ನಿಂತವರಷ್ಟು ತಾಳ್ಮೆ ಇರುವುದಿಲ್ಲ. ಇದನ್ನೆಲ್ಲ ಅವರು ಅಡುಗೆ ಹೇಳಿಕೊಡುವವರ ಹಾಗೆ ಹೇಳಿದರು.

ಪೆನ್ನನ್ನು ನನಗೇ ಕೊಟ್ಟುಬಿಟ್ಟರು. ಅವರ ಹತ್ತಿರ ಇನ್ನೊಂದಿದೆಯಂತೆ.

ಫೆಬ್ರವರಿ 9

ನನಗೆ ಒಪ್ಪಿಸಿದ್ದು ನೌಕರರ ಕಾಲೊನಿ. ಇನ್ನೆಲ್ಲಿಗಾದರೂ ಹಾಕಬಾರದಿತ್ತೇ. ಪುರಸಭೆಯ ನೌಕರರೇ ಒಂದು ಕಾಲಕ್ಕೆ ಸೈಟು ತೆಗೆದುಕೊಂಡು ಕಟ್ಟಿಸಿದ ಮನೆಗಳು. ಕಸದ ಲಾರಿಯ ಡ್ರೈವರ್, ಶಾಲೆಯ ಆಯಾ, ಬೀದಿ ದೀಪದವರು, ಎಲ್ಲರೂ ಗೊತ್ತಿರುವವರೇ. ಅಪ್ಪ ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಿ ನೀರು ಬಿಡುತ್ತಿದ್ದದ್ದು ಈ ಬೀದಿಗೇ.

ಮೂಲೆ ಮನೆ ನರ್ಸಮ್ಮನದು. ಪುರಸಭೆಯ ಹೆರಿಗೆ ಆಸ್ಪತ್ರೆಯ ನರ್ಸ್. ನನ್ನ ತಂಗಿ ಹುಟ್ಟಿದಾಗ ಮೊದಲು ಎತ್ತಿಕೊಂಡವರು ಅವರೇ. ಪೆನ್ನು ತೆಗೆಯಲು ಮನಸ್ಸು ಬರದೆ ಅಂಗೈಯಲ್ಲೇ ತಟ್ಟಿದೆ. ಬಾ ಮಗಳೇ ಎಂದು ಒಳಗೆ ಕರೆದರು. ನಾನು ಬಂದ ವಿಷಯ ತೊದಲುತ್ತಾ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು.

"ನಿಮ್ಮ ಆಫೀಸು ನನಗೆ ಮೂರು ತಿಂಗಳಿಂದ ಸಂಬಳ ಕೊಟ್ಟಿಲ್ಲ. ನಾನು ನಿಮ್ಮ ಆಫೀಸಿಗೆ ಒಂದು ವರ್ಷದ ಕಂದಾಯ ಕೊಟ್ಟಿಲ್ಲ" ಅಂದರು. "ಅದರಲ್ಲಿ ಇದನ್ನ ಹಿಡ್ಕೊಂಡು ಮಿಕ್ಕಿದ್ದು ಕೊಡಿ ಅಂತ ಹೇಳು ಮಗಳೇ. ನಾನೇನು ಒಲ್ಲೆ ಅಂತೀನಾ?"

ಇದು ನ್ಯಾಯವಾಗಿಯೇ ಇದೆ ಅನ್ನಿಸಿತು. ಇಷ್ಟು ಸುಲಭದ ದಾರಿ ಕಚೇರಿಯಲ್ಲಿ ಯಾರಿಗೂ ಹೊಳೆದಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಖುಷಿಪಟ್ಟೆ. ನಾಳೆ ಸಾಹೇಬರನ್ನು ಕೇಳುತ್ತೇನೆ.

ಫೆಬ್ರವರಿ 10

ಕೇಳಬಾರದಿತ್ತು.

ಸಾಹೇಬರು ಕಡತದಿಂದ ತಲೆ ಎತ್ತಲಿಲ್ಲ. ಸಂಬಳದ ಖಾತೆ ಬೇರೆ, ಕಂದಾಯದ ಖಾತೆ ಬೇರೆ, ಒಂದರಲ್ಲಿ ಇನ್ನೊಂದನ್ನು ಹಿಡಿಯುವ ಅಧಿಕಾರ ನಮಗಿಲ್ಲ ಅಂದರು. ಹಾಗಾದರೆ ಸಂಬಳ ಯಾವಾಗ ಸಾರ್ ಅಂದೆ. ಕಂದಾಯ ಬಂದಾಗ ಅಂದರು. ಸಂಬಳ ಬಾರದೆ ಅವರು ಕಂದಾಯ ಹೇಗೆ ಕಟ್ಟುತ್ತಾರೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರು ತಲೆ ಎತ್ತಿದರು. "ನಿಮ್ಮದು ಮಾರ್ಚ್‌ವರೆಗೆ ತಾನೇ?" ಅಂದರು, ಅಷ್ಟೇ.

ಇನ್ನು ಮೇಲೆ ಬಾಯಿ ಮುಚ್ಚಿಕೊಂಡು ಇರುತ್ತೇನೆ.

ಫೆಬ್ರವರಿ 18

ಕಾಲೊನಿಯಲ್ಲಿ ಯಾರೂ ಕಟ್ಟಿಲ್ಲ. ನನಗೂ ಸಂಬಳ ಬಂದಿಲ್ಲ. ಅಮ್ಮ ಅಡುಗೆಮನೆಯ ಡಬ್ಬಿಗಳನ್ನು ಅಲುಗಾಡಿಸಿ ನೋಡುವ ಸದ್ದು ದಿನಾ ಕೇಳಿಸುತ್ತದೆ. ನೌಕರಿ ಹೋದರೆ ಏನು ಎಂದು ಅಮ್ಮ ಕೇಳುವುದಿಲ್ಲ. ಕೇಳಿಬಿಟ್ಟರೆ ಚೆನ್ನಾಗಿತ್ತು.

ಫೆಬ್ರವರಿ 20

ಸಭೆಯಲ್ಲಿ ವಸೂಲಿ ಕಡಿಮೆ ಇರುವವರನ್ನು ನಿಲ್ಲಿಸಿದರು. ಕೊನೆಯವರೆಗೂ ನಿಂತಿದ್ದವಳು ನಾನೊಬ್ಬಳೇ. ಸೀರೆಯ ಸೆರಗು ಹಿಡಿದುಕೊಂಡು ನೆಲ ನೋಡುತ್ತಿದ್ದೆ. ಮಧ್ಯಾಹ್ನ ಕಾಲೊನಿಗೆ ಹೋಗಿ ಮೊದಲ ಸಲ ಪೆನ್ನಿನಿಂದ ಬಡಿದೆ. ಕೈ ನಡುಗಿ ಎರಡರ ಬದಲು ಮೂರು ಬಡಿತ ಬಿತ್ತು. ಆದರೂ ದೀಪದವರ ಹೆಂಡತಿ ಓಡಿಬಂದು ತೆಗೆದಳು. ಅರ್ಧ ಬಾಕಿ ಕಟ್ಟಿದಳು.

ಎಲ್ಲಿಂದ ತಂದಳು ಎಂದು ಕೇಳಲಿಲ್ಲ.

ಫೆಬ್ರವರಿ 27

ಇವತ್ತಿನದು ಎಲ್ಲಕ್ಕಿಂತ ದೊಡ್ಡ ಭಯ. ನಿಧಾನವಾಗಿ ಬರೆಯುತ್ತೇನೆ.

ಹೊಸ ಆದೇಶ ಬಂದಿದೆ. ಪುರಸಭೆಯ ನೌಕರರು ವಾಸವಿರುವ ಮನೆಯ ಮೇಲೆ ಕಂದಾಯ ಬಾಕಿ ಇದ್ದು ನೋಟಿಸು ಕೈಗೆ ತಲುಪಿದ್ದರೆ, ಅಂಥವರ ಸಂಬಳದ ಬಿಲ್ಲು ಪಾಸಾಗುವುದಿಲ್ಲ, ಕಾಯಂ ಆಗಬೇಕಾದವರು ಕಾಯಂ ಆಗುವುದಿಲ್ಲ. ಸ್ವಂತ ಮನೆಯೋ ಬಾಡಿಗೆ ಮನೆಯೋ ಎಂಬ ಭೇದವಿಲ್ಲ. ಮಾಲೀಕ ಕಟ್ಟದಿದ್ದರೆ ವಾಸವಿರುವವರು ಕಟ್ಟಬೇಕು.

ನಾವಿರುವುದು ಟೈಲರ್ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ. ಮಾಲೀಕ ಆ ಟೈಲರೇ. ಸಂಜೆ ಅವನ ಹತ್ತಿರ ಹೋದೆ. ಅವನು ಈ ಮನೆಗೆ ಕಂದಾಯ ಕಟ್ಟಿ ಯಾವ ಕಾಲವಾಯಿತೋ. ಕಟ್ಟಿಬಿಡಿ ಎಂದು ಬೇಡಿಕೊಂಡೆ. ಮಿಷನ್ ತುಳಿಯುವುದನ್ನು ನಿಲ್ಲಿಸದೆ, ನೀವು ನಿಂತ ಬಾಡಿಗೆ ಕೊಟ್ಟ ದಿನ ಕಟ್ಟುತ್ತೇನೆ ಅಂದ. ಸಂಬಳ ಬಂದರೆ ಬಾಡಿಗೆ, ಬಾಡಿಗೆ ಬಂದರೆ ಕಂದಾಯ, ಕಂದಾಯ ಬಂದರೆ ಸಂಬಳ. ತಲೆ ಗಿರ್ರನೆ ತಿರುಗಿತು.

ಈಗ ಉಳಿದಿರುವ ದಾರಿ ಒಂದೇ. ನೋಟಿಸು ನಮ್ಮ ಕೈಗೆ ತಲುಪಬಾರದು. ನಮ್ಮ ಬೀದಿಯ ವಸೂಲಿ ಮೆಲ್ಲಗಯ್ಯನವರದು. ಊಟವಾದ ಮೇಲೆ ಅಮ್ಮನನ್ನೂ ತಂಗಿಯನ್ನೂ ಕೂರಿಸಿಕೊಂಡು ಪೆನ್ನಿನಿಂದ ಮೇಜಿನ ಮೇಲೆ ಬಡಿದು ತೋರಿಸಿದೆ. ಎರಡು, ಬಿಡುವು, ಒಂದು. ಹೀಗೆ ಬಡಿದರೆ ಯಾರು ಏನೇ ಅಂದರೂ ಬಾಗಿಲು ತೆಗೆಯಕೂಡದು ಅಂದೆ. ಚಪ್ಪಲಿ ಒಳಗಿಡಿ, ಒಲೆ ಆರಿಸಿ, ಫ್ಯಾನ್ ನಿಲ್ಲಿಸಿ. ತೀರಾ ಬಿಡದೆ ನಿಂತರೆ ಮಗಳು ಇಲ್ಲ ಅಂತ ಅಮ್ಮ ಹೇಳಲಿ. ತಂಗಿಗೆ ಇದೆಲ್ಲ ತಮಾಷೆ. ಮೇಜಿನ ಕೆಳಗೆ ಬಚ್ಚಿಟ್ಟುಕೊಳ್ಳಲಾ ಅಂದಳು. ಅಮ್ಮ ನಗಲಿಲ್ಲ. ಇನ್ನೊಂದು ಸಲ ಬಡಿ, ನೆನಪಿಟ್ಟುಕೊಳ್ಳುತ್ತೇನೆ ಅಂದಳು.

ಮಾರ್ಚ್ 5

ಕೈ ಈಗ ನಡುಗುವುದಿಲ್ಲ. ಆಯಾ ಮನೆಯ ಮುಂದೆ ಚಪ್ಪಲಿ ಇರಲಿಲ್ಲ, ಒಳ್ಳೆ ಕಿಲಾಡಿ. ಆದರೆ ಮೀಟರ್ ತಿರುಗುತ್ತಿತ್ತು. ನೆರಳಿನಲ್ಲಿ ನಿಂತೆ. ಒಳಗೆ ಮಗು ಕೆಮ್ಮಿತು, ಯಾರೋ ಅದರ ಬಾಯಿ ಮುಚ್ಚಿದರು. ಆಮೇಲೆ ಅವಳೇ ಬಂದು ತೆಗೆದಳು. ಕಿವಿಯ ಓಲೆ ಒತ್ತೆ ಇಟ್ಟು ನಾಳೆ ಕಟ್ಟುತ್ತಾಳಂತೆ. ಖಾಲಿ ಕಿವಿ ಮುಟ್ಟಿಕೊಂಡು ನಾಳೆ ಬಂದರೆ ನೋಡಲಾಗುವುದಿಲ್ಲ, ಆದ್ದರಿಂದ ಕೌಂಟರಿನಲ್ಲೇ ಕಟ್ಟಲು ಹೇಳಿದೆ.

ವಾಪಸ್ ಬರುವಾಗ ಕಾಲೊನಿಯ ಮಕ್ಕಳು ಹೊಸ ಆಟ ಆಡುತ್ತಿದ್ದವು. ಒಬ್ಬಳು ಕಲ್ಲಿನಿಂದ ಗೇಟು ಬಡಿಯುತ್ತಾಳೆ, ಮಿಕ್ಕವರು ಉಸಿರು ಬಿಗಿ ಹಿಡಿದು ಕೂರುತ್ತಾರೆ, ಮೊದಲು ಅಲುಗಾಡಿದವರು ಔಟು. ಬಿಡುವು ಸ್ವಲ್ಪ ಕಡಿಮೆಯಾಗುತ್ತಿತ್ತು. ನಿಂತು ಹೇಳಿಕೊಡೋಣ ಅನ್ನಿಸಿತು. ನನ್ನನ್ನು ಕಂಡ ಕೂಡಲೇ ಓಡಿಹೋದವು.

ಮಾರ್ಚ್ 11

ಸಭೆಯಲ್ಲಿ ನನ್ನನ್ನು ಕೂರಿಸಿದರು. ಮಿಕ್ಕವರು ನಿಂತಿದ್ದರು. ಸೊಂಪಾದ ನಿದ್ದೆ ಬರಬೇಕಿತ್ತು, ಬರಲಿಲ್ಲ. ಇನ್ನು ಕಾಲೊನಿಯಲ್ಲಿ ಉಳಿದಿರುವುದು ಒಂದೇ ಮನೆ. ದುಡ್ಡಾದರೂ ಬರಬೇಕು, ನೀರಿನ ಸಂಪರ್ಕವಾದರೂ ಕಡಿಯಬೇಕು. ಕಡಿದರೆ ಕ್ರಮ ಜರುಗಿಸಲಾಗಿದೆ ಎಂದು ಬರೆಯಬಹುದು, ಅದೂ ಲೆಕ್ಕಕ್ಕೆ ಬರುತ್ತದೆ.

ಮಾರ್ಚ್ 16

ನರ್ಸಮ್ಮನ ಮನೆಗೆ ಪ್ಲಂಬರ್‌ನನ್ನು ಕರೆದುಕೊಂಡು ಹೋದೆ. ಬಡಿದೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಕಾದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಪ್ಲಂಬರ್ ಬೇರೆ ಹೋಗೋಣ ಮೇಡಂ ಅನ್ನುತ್ತಿದ್ದ.

"ಒಳಗಿದ್ದೀರಿ ಅಂತ ಗೊತ್ತು ನರ್ಸಮ್ಮ, ಚಪ್ಪಲಿ ಇಲ್ಲೇ ಇದೆ" ಅಂದೆ. ಮೆಲ್ಲಗೇ ಹೇಳಿದೆ. ಕೂಗಾಡುವುದು ನನಗೆ ಮೊದಲಿನಿಂದಲೂ ಬಾರದು.

ತೆಗೆದರು. ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಬಯ್ಯುತ್ತಾರೆ ಎಂದುಕೊಂಡು ಮೈ ಬಿಗಿ ಮಾಡಿಕೊಂಡಿದ್ದೆ. ಬಯ್ಯಲಿಲ್ಲ. "ಇನ್ನೊಂದು ವಾರ ಕೊಡಿ ಮೇಡಂ" ಅಂದರು. ಮೇಡಂ ಅಂದದ್ದು ಒಳ್ಳೆಯದೇ ಆಯಿತು. ಮಗಳೇ ಅಂದಿದ್ದರೆ ನನಗೆ ಕಷ್ಟವಾಗುತ್ತಿತ್ತು.

ವಾರ ಕೊಡುವುದು ನನ್ನ ಕೈಯಲ್ಲಿಲ್ಲ ಎಂದು ವಿವರಿಸಿದೆ. ಪ್ಲಂಬರ್ ರಸ್ತೆ ಬದಿಯ ಮುಚ್ಚಳ ಎತ್ತಿ ಪೈಪು ಬಿಚ್ಚಿದ. ಇದ್ದ ನೀರು ಸ್ವಲ್ಪ ಹೊತ್ತು ಬೀದಿಯಲ್ಲಿ ಹರಿಯಿತು. ನರ್ಸಮ್ಮ ಒಳಗಿಂದ ಬಕೆಟ್ ತಂದು ಹಿಡಿದರು. ಪೂರ್ತಿ ತುಂಬಲಿಲ್ಲ. ನಾನು ಸಹಿ ಹಾಕಿಸಿಕೊಂಡೆ. ಅವರಿಗೆ ಬರೆಯಲು ಪೆನ್ನು ನಾನೇ ಕೊಟ್ಟೆ.

ರಾತ್ರಿ ಅಮ್ಮ, ಕಾಲೊನಿಯಲ್ಲಿ ನರ್ಸಮ್ಮ, ಮಿಕ್ಕವರೆಲ್ಲ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾರೆ ಅಂದೆ. ಊಟ ಸೇರಲಿಲ್ಲ.

ಮಾರ್ಚ್ 17

ಅಪ್ಪನ ಕನಸು ಬಿತ್ತು. ವಾಲ್ವ್ ತಿರುಗಿಸುತ್ತಲೇ ಇದ್ದ.

ಮಾರ್ಚ್ 22

ಭಾನುವಾರ.

ಬೆಳಿಗ್ಗೆ ಮೂವರೂ ಮನೆಯಲ್ಲಿದ್ದೆವು. ಅಮ್ಮ ತರಕಾರಿ ಹೆಚ್ಚುತ್ತಿದ್ದಳು, ತಂಗಿ ಪಾಠ ಬಾಯಿಪಾಠ ಮಾಡುತ್ತಿದ್ದಳು. ಚಿಲಕ ಸದ್ದಾಯಿತು. ಎರಡು. ಬಿಡುವು.

ಆ ಬಿಡುವು ಒಳಗಿನಿಂದ ಎಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಮೂರನೆಯ ಬಡಿತ ಬೀಳುವಷ್ಟರಲ್ಲಿ ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅಮ್ಮ ಈಳಿಗೆಮಣೆ ಬಿಟ್ಟು ಎದ್ದು, ಸದ್ದಿಲ್ಲದೆ ಒಲೆ ಆರಿಸಿ, ಫ್ಯಾನ್ ನಿಲ್ಲಿಸಿ, ತಂಗಿಯ ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲವನ್ನೂ ನಾನು ಹೇಳಿದ ಹಾಗೆಯೇ ಮಾಡಿದಳು. ತಂಗಿ ಈ ಸಲ ನಗಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಕಾಲಿನ ನೆರಳು ಕಾಣುತ್ತಿತ್ತು. ಅದು ಕದಲಲೇ ಇಲ್ಲ.

ಬಹಳ ಹೊತ್ತಾದ ಮೇಲೆ ಮೆಲ್ಲಗಯ್ಯನವರ ದನಿ ಕೇಳಿಸಿತು. ಪಕ್ಕದಲ್ಲೇ ಕೂತು ಮಾತಾಡಿದಂತಿತ್ತು.

"ಒಂದು ಜೊತೆ ಚಪ್ಪಲಿ ಹೊರಗೇ ಇದೆ ಕಣಮ್ಮ. ಒಳಗಿಟ್ಕೋ."

ಹೋದರು. ನನ್ನದೇ ಆಫೀಸು ಚಪ್ಪಲಿ. ಅಮ್ಮನದೂ ತಂಗಿಯದೂ ಒಳಗಿದ್ದವು.

ಮಾರ್ಚ್ 23

ಆಫೀಸಿಗೆ ಹೋಗಲು ಕಾಲೇ ಏಳಲಿಲ್ಲ. ಹೋದೆ. ಮೆಲ್ಲಗಯ್ಯ ತಮ್ಮ ಕುರ್ಚಿಯಲ್ಲಿ ಕೂತು ಚೀಟಿಗಳನ್ನು ಜೋಡಿಸುತ್ತಿದ್ದರು. ನಾನು ಎದುರಿಗೆ ನಿಂತೆ. ತಲೆ ಎತ್ತದೆಯೇ, "ನಿಮ್ಮ ಮನೆಗೆ ಬೀಗ ಹಾಕಿದೆ ಅಂತ ಬರೆದಿದ್ದೀನಿ. ಬೀಗ ಹಾಕಿದ ಮನೆಗೆ ನೋಟಿಸಿಲ್ಲ" ಅಂದರು.

ಹಾಗೆ ಬರೆಯಬಹುದು ಎಂದು ನನಗೆ ಗೊತ್ತೇ ಇರಲಿಲ್ಲ ಅಂದೆ. ಅವರು ಚೀಟಿಗಳನ್ನು ಬದಿಗಿಟ್ಟು ತಲೆ ಎತ್ತಿದರು.

"ನೀನು ಕೇಳಲಿಲ್ಲವಲ್ಲಮ್ಮ" ಅಂದರು. "ನರ್ಸಮ್ಮನ ಮನೆ ನಿನಗೆ ಕೊಟ್ಟಾಗ ಕೇಳ್ತೀಯ ಅಂದ್ಕೊಂಡಿದ್ದೆ."

ಸುಳ್ಳು ಬರೆಯುವುದು ತಪ್ಪು. ಅವರು ಹಾಗೆ ಬರೆಯಬಾರದಿತ್ತು. ಆದರೆ ಬರೆದದ್ದರಿಂದ ನಾವು ಉಳಿದೆವು. ಇದಕ್ಕಿಂತ ಹೆಚ್ಚು ಯೋಚಿಸಲು ನನಗೆ ಶಕ್ತಿಯಿಲ್ಲ. ಮಾರ್ಚ್ ಮುಗಿದ ಮೇಲೆ ಯೋಚಿಸುತ್ತೇನೆ.

ಮಾರ್ಚ್ 27

ತಂಗಿ ಈಗ ಪಾಠವನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾಳೆ. ಹಾಲಿನವನು ಬಂದರೂ ಅಮ್ಮ ಕಿಟಕಿಯ ಸಂದಿಯಿಂದ ನೋಡಿ ಆಮೇಲೆ ಬಾಗಿಲು ತೆಗೆಯುತ್ತಾಳೆ. ಇನ್ನು ನಾಲ್ಕು ದಿನ ತಾನೇ ಅಂದೆ. ಹೂಂ ಅಂದಳು.

ಮಾರ್ಚ್ 31

ಕಾಯಂ ಆಯಿತು. ಆದೇಶ ಬ್ಯಾಗಿನಲ್ಲಿದೆ, ಸಾಹೇಬರ ಸಹಿಯ ಶಾಯಿ ಆರುವ ಮೊದಲೇ ಮಡಿಸಿದ್ದರಿಂದ ಆಚೆ ಬದಿಗೂ ಅಂಟಿಕೊಂಡಿದೆ. ಏಪ್ರಿಲ್‌ನಲ್ಲಿ ಸಂಬಳವೂ ಆಗುತ್ತದಂತೆ. ನನ್ನ ಬೀದಿಯ ಬಾಕಿ ಪೂರ್ತಿ ತೀರಿದೆ ಎಂದು ಎಲ್ಲರೆದುರು ಹೇಳಿ ಚಪ್ಪಾಳೆ ಹೊಡೆಸಿದರು. ಮೆಲ್ಲಗಯ್ಯನವರೂ ಹೊಡೆದರು.

ಮನೆಗೆ ಓಡುತ್ತಲೇ ಬಂದೆ. ಸಿಹಿ ಕೊಳ್ಳಬೇಕೆಂದುಕೊಂಡಿದ್ದೆ, ಅದೂ ಮರೆತುಹೋಯಿತು. ಒಳಗೆ ನೀರು ಬಿಟ್ಟ ಸದ್ದು, ಏನೋ ಒಗ್ಗರಣೆಯ ವಾಸನೆ. ಬಾಗಿಲು ಬಡಿದೆ.

ನೀರು ನಿಂತಿತು. ಫ್ಯಾನ್ ನಿಂತಿತು. ಒಲೆ ಆರಿಸಿದ ಟಕ್ ಎಂಬ ಸದ್ದು ಕೇಳಿಸಿತು. ನಾನು ಕಾದೆ. ಮೀಟರ್ ಕಡೆ ನೋಡಿದೆ, ನಿಂತಿತ್ತು. ಚಪ್ಪಲಿ ನೋಡಲು ಬಗ್ಗಿದೆ, ಒಂದೂ ಇರಲಿಲ್ಲ. ಚೆನ್ನಾಗಿ ಕಲಿತಿದ್ದಾರೆ ಅಂದುಕೊಂಡೆ. ಆಮೇಲೆ ಕೈಯಲ್ಲಿದ್ದ ಪೆನ್ನು ಕಾಣಿಸಿತು.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಅಮ್ಮ ಮಾತಾಡಿದಳು. ಅವಳ ದನಿ ಅಷ್ಟು ಸಣ್ಣದಾಗಿ, ಅಷ್ಟು ಮರ್ಯಾದೆಯಿಂದ ನಾನು ಯಾವತ್ತೂ ಕೇಳಿಲ್ಲ.

"ನನ್ನ ಮಗಳು ಇಲ್ಲ ಸ್ವಾಮಿ. ಅವಳು ಬಂದ ಮೇಲೆ ಬನ್ನಿ."

ಪೆನ್ನು ಬ್ಯಾಗಿಗೆ ಹಾಕಿ ಅಂಗೈಯಲ್ಲಿ ತಟ್ಟಿದೆ. ಒಳಗೆ ಯಾರೂ ಅಲುಗಾಡಲಿಲ್ಲ.

ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಪೆನ್ನು ಇಲ್ಲದ್ದರಿಂದ ಅದನ್ನೇ ಮತ್ತೆ ತೆಗೆದೆ. ಅಮ್ಮಾ, ನಾನು ಎಂದು ಒಂದು ಸಲ ಕೂಗಿದರೆ ಮುಗಿಯಿತು. ಕೂಗುತ್ತೇನೆ. ಕೂಗಿದ ಮೇಲೂ ತೆಗೆಯದಿದ್ದರೆ ಎಂದು ಭಯವಾಗುತ್ತಿದೆ.